ಆರ್ಡರು ಇಳಿದಾಗ ನಿಲ್ಲದ ಸಾಲದ ಕಂತು: ಮಾಲೀಕರೂ ಕಾರ್ಮಿಕರೂ ಅರಿತಿರಬೇಕಾದ ಸಂಗತಿಗಳು

ಸಣ್ಣ ಕಾರ್ಖಾನೆಯಲ್ಲಿ ಆರ್ಡರುಗಳು ಇಳಿಮುಖವಾದಾಗ ಮೊದಲು ನಿಲ್ಲುವುದು ಕೆಲಸವಲ್ಲ, ಓವರ್‌ಟೈಮ್. ಆನಂತರ ಎರಡನೆಯ ಪಾಳಿ ನಿಲ್ಲುತ್ತದೆ, ಗುತ್ತಿಗೆ ಕಾರ್ಮಿಕರು ಕಡಿಮೆಯಾಗುತ್ತಾರೆ, ಕಟ್ಟಕಡೆಗೆ ಕಾಯಂ ಕಾರ್ಮಿಕರ ಸರದಿ ಬರುತ್ತದೆ. ಕಾರ್ಮಿಕನ ಮನೆಯಲ್ಲಿ ಮಾತ್ರ ಬಿಕ್ಕಟ್ಟು ಮೊದಲ ಹಂತದಲ್ಲಿಯೇ ಪ್ರವೇಶಿಸಿರುತ್ತದೆ. ಆತ ಸಾಲ ಪಡೆಯುವಾಗ ತೋರಿಸಿದ್ದು ಓವರ್‌ಟೈಮ್ ಸೇರಿದ ಸಂಬಳದ ಚೀಟಿಯನ್ನು. ಕಂತು ನಿಗದಿಯಾದದ್ದೂ ಅದರ ಮೇಲೆಯೇ.

ಒಂದು ಲೆಕ್ಕ ನೋಡೋಣ. ಓವರ್‌ಟೈಮ್ ಸೇರಿ ತಿಂಗಳಿಗೆ 25,000 ರೂಪಾಯಿ ಕೈಗೆ ಬರುತ್ತಿದ್ದ ಲೇತ್ ಆಪರೇಟರ್ ಒಬ್ಬನು ಪತ್ತಿನ ಸಹಕಾರ ಸಂಘಕ್ಕೆ 4,300, ದ್ವಿಚಕ್ರ ವಾಹನಕ್ಕೆ 3,200, ಪತ್ನಿಯ ಹೆಸರಿನ ಕಿರುಸಾಲಕ್ಕೆ 2,000, ಟಿವಿ ಮತ್ತು ಮೊಬೈಲಿನ ಬಾಬ್ತು 1,500, ಒಟ್ಟು 11,000 ರೂಪಾಯಿ ಕಂತು ಕಟ್ಟುತ್ತಾನೆ ಎಂದಿಟ್ಟುಕೊಳ್ಳೋಣ. ಆದಾಯದ ಶೇ. 44 ಭಾಗ ಸಾಲಕ್ಕೆ ಹೋಗಿ 14,000 ರೂಪಾಯಿ ಸಂಸಾರಕ್ಕೆ ಉಳಿಯುತ್ತಿತ್ತು. ಓವರ್‌ಟೈಮ್ ನಿಂತು ಕೈಗೆ 19,000 ಬಂದರೆ ಕಂತಿನ ಪಾಲು ಶೇ. 58ಕ್ಕೆ ಏರುತ್ತದೆ, ಸಂಸಾರಕ್ಕೆ ಉಳಿಯುವುದು 8,000. ಮಾಲೀಕರ ದೃಷ್ಟಿಯಲ್ಲಿ ಇನ್ನೂ ಯಾರ ಕೆಲಸವೂ ಹೋಗಿಲ್ಲ. ಆದರೆ ಬಾಡಿಗೆ, ದಿನಸಿ, ಮಕ್ಕಳ ಶಾಲಾ ಶುಲ್ಕಗಳಲ್ಲಿ ಯಾವುದಾದರೂ ಒಂದು ಆ ತಿಂಗಳೇ ನಿಂತುಹೋಗುತ್ತದೆ.

ಇಂತಹ ಕಾಲ ನಮ್ಮ ರಾಜ್ಯಕ್ಕೆ ಹೊಸದಲ್ಲ. 2019ರಲ್ಲಿ ವಾಹನಗಳ ಮಾರಾಟ ಕುಸಿದಾಗ ಬಿಡಿಭಾಗ ತಯಾರಿಸುವ ಪೀಣ್ಯದ ಘಟಕಗಳು ಪಾಳಿಗಳನ್ನು ಕಡಿತಗೊಳಿಸಿದವು. 2020ರ ಲಾಕ್‌ಡೌನ್ ಎಲ್ಲರಿಗೂ ನೆನಪಿದೆ. 2025ರ ಆಗಸ್ಟ್ 27ರಿಂದ ಅಮೆರಿಕವು ಭಾರತದ ಬಹುತೇಕ ಸರಕುಗಳ ಮೇಲೆ ಶೇ. 50ರಷ್ಟು ಸುಂಕ ವಿಧಿಸಿದಾಗ ಬೆಂಗಳೂರಿನ ಸಿದ್ಧ ಉಡುಪು ಘಟಕಗಳಲ್ಲಿ ಅದೇ ಆತಂಕ ಮರುಕಳಿಸಿತು. ಕಾರಣಗಳು ಬೇರೆಬೇರೆಯಾದರೂ ಮನೆಯೊಳಗೆ ಅದು ಇಳಿಯುವ ಕ್ರಮ ಒಂದೇ.

ಕಾರ್ಮಿಕನ ಖಾಸಗಿ ಸಾಲದ ಗೊಡವೆ ಮಾಲೀಕರಿಗೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಪತ್ತಿನ ಸಂಘದ ಸಾಲಕ್ಕೆ ವೇತನದಿಂದ ಕಡಿತ ಮಾಡಿ ಕಳುಹಿಸುತ್ತೇವೆಂಬ ಪತ್ರಕ್ಕೆ ಸಹಿ ಮಾಡಿದವರು ಅನೇಕ ವೇಳೆ ಮಾಲೀಕರೇ ಆಗಿರುತ್ತಾರೆ. ಆ ಸಾಲಕ್ಕೆ ಜಾಮೀನು ನಿಂತವನು ಪಕ್ಕದ ಯಂತ್ರದ ಕಾರ್ಮಿಕ. ಒಬ್ಬನನ್ನು ಕೆಲಸದಿಂದ ಬಿಡಿಸಿದರೆ ಉಳಿಸಿಕೊಂಡ ಇನ್ನೊಬ್ಬನ ಸಂಬಳಕ್ಕೆ ಕತ್ತರಿ ಬೀಳುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 128ನೆಯ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಮೊದಲು ಸಾಲಗಾರನಿಂದ ವಸೂಲಿ ಮಾಡಿ ಆಮೇಲೆ ತನ್ನ ಬಳಿಗೆ ಬನ್ನಿ ಎಂದು ಆತ ಹೇಳುವಂತಿಲ್ಲ.

ಮೊದಲೇ ತಿಳಿಸುವುದು

ಒಂದು ವರ್ಷದ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕನನ್ನು ಹೆಚ್ಚುವರಿ ಎಂದು ತೆಗೆಯಬೇಕಾದರೆ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅದಕ್ಕೆ ಬದಲಾಗಿ ವೇತನ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರ ನೀಡಬೇಕೆಂಬುದು 1947ರ ಕೈಗಾರಿಕಾ ವಿವಾದಗಳ ಅಧಿನಿಯಮದ ಕಾಲದಿಂದ ಬಂದ ನಿಯಮ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಅದರ ಮೇಲೆ ಹೊಸತೊಂದು ಬಾಬ್ತು ಸೇರಿದೆ: ಕೆಲಸ ಕಳೆದುಕೊಂಡ ಪ್ರತಿ ಕಾರ್ಮಿಕನ ಲೆಕ್ಕದಲ್ಲಿ ಮಾಲೀಕರು 15 ದಿನಗಳ ವೇತನವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಜಮೆಯಾಗಬೇಕು. ಕಾರ್ಖಾನೆಗಳಲ್ಲಿ ಸರ್ಕಾರದ ಪೂರ್ವಾನುಮತಿ ಪಡೆಯಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿರುವುದನ್ನು ಮಾತ್ರ ನೆನಪಿಟ್ಟುಕೊಂಡು ಈ ಬಾಬ್ತನ್ನು ಮರೆತವರು ಇದ್ದಾರೆ.

ವೇತನ ಸಂಹಿತೆಯಂತೆ ಕೆಲಸದಿಂದ ಬಿಡಿಸಿದವನ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಸಲ್ಲುತ್ತದೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಹೊಸ ಸಂಹಿತೆಯಂತೆ ಒಂದು ವರ್ಷವೇ ಸಾಕು. 18,000 ರೂಪಾಯಿ ವೇತನದ ಮೇಲೆ ಎಂಟು ವರ್ಷ ದುಡಿದವನಿಗೆ 15 ಭಾಗಿಸು 26ರ ಸೂತ್ರದಲ್ಲಿ ಸುಮಾರು 83,000 ರೂಪಾಯಿ ಗ್ರಾಚ್ಯುಟಿ ಬರುತ್ತದೆ. ಈ ಮೊತ್ತಗಳನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಮಿಕನ ಕೈಗೆ ಕೊಡುವುದು ಮಾಲೀಕರು ಮಾಡಬಹುದಾದ ಅತ್ಯಂತ ಅಗ್ಗದ ಉಪಕಾರ. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂದು ತಿಳಿದವನು ಬಡ್ಡಿ ವ್ಯಾಪಾರಿಯ ಬಾಗಿಲಿಗೆ ಹೋಗುವ ಮುನ್ನ ಒಮ್ಮೆ ಯೋಚಿಸುತ್ತಾನೆ.

ಸುದ್ದಿ ಹಬ್ಬಿದರೆ ಒಳ್ಳೆಯ ಕೆಲಸಗಾರರೆಲ್ಲ ಬಿಟ್ಟು ಹೋಗುತ್ತಾರೆಂಬ ಭಯದಿಂದ ಕಡೆಯ ದಿನದವರೆಗೆ ಗುಟ್ಟು ಕಾಯುವ ರೂಢಿ ನಮ್ಮಲ್ಲಿದೆ. ಭಯ ಪೂರ್ತಿ ನಿರಾಧಾರವಲ್ಲ. ಆದರೆ ರವಾನೆಯ ಲಾರಿಗಳು ಕಡಿಮೆಯಾದದ್ದನ್ನು ಕಾರ್ಮಿಕರು ಮಾಲೀಕರಿಗಿಂತ ಮೊದಲೇ ಎಣಿಸಿರುತ್ತಾರೆ. ಎರಡು ತಿಂಗಳು ಮುಂಚಿತವಾಗಿ ತಿಳಿದ ಕಾರ್ಮಿಕನಿಗೆ ಸಾಲದ ವಿಷಯದಲ್ಲಿ ಮಾಡಬಹುದಾದ ಕೆಲಸ ಬಹಳವಿದೆ; ಎರಡು ದಿನ ಮುಂಚೆ ತಿಳಿದವನಿಗೆ ಏನೂ ಇಲ್ಲ.

ಯಾವ ಸಾಲ ಮೊದಲು?

ಮೇಲಿನ ಲೇತ್ ಆಪರೇಟರನ ಉದಾಹರಣೆಗೇ ಮರಳೋಣ. ಕೆಲಸ ಹೋಗುವ ಸಂಭವವಿದೆ ಎಂದು ತಿಳಿದ ಕೂಡಲೇ ಬಹಳ ಜನ ಮಾಡುವುದು, ಕೂಡಿಟ್ಟ ಹಣವನ್ನೆಲ್ಲ ಒಟ್ಟುಗೂಡಿಸಿ ಯಾವುದಾದರೂ ಒಂದು ಸಾಲವನ್ನು ತೀರಿಸಿಬಿಡುವುದು. ಮನಸ್ಸಿಗೆ ಇದರಿಂದ ಹಗುರವಾಗುವುದು ನಿಜ. ಆದರೆ ಸಂಬಳ ನಿಂತ ಮೇಲೆ ಅಷ್ಟೇ ಹಣವನ್ನು ಮತ್ತೆ ಸಾಲ ಕೊಡುವವರು ಯಾರೂ ಇರುವುದಿಲ್ಲ. ಇದ್ದರೂ ದುಪ್ಪಟ್ಟು ಬಡ್ಡಿಗೆ. ಕೆಲಸ ಖಚಿತವಿಲ್ಲದ ಕಾಲದಲ್ಲಿ ಉಳಿತಾಯವಾಗುವ ಬಡ್ಡಿಗಿಂತ ಕೈಯಲ್ಲಿರುವ ನಗದಿಗೆ ಬೆಲೆ ಹೆಚ್ಚು. ಮೂರು ತಿಂಗಳ ಬಾಡಿಗೆ, ದಿನಸಿ, ಔಷಧ ಮತ್ತು ಕನಿಷ್ಠ ಕಂತುಗಳಿಗೆ ಸಾಲುವಷ್ಟನ್ನು ಎತ್ತಿಟ್ಟು, ಅದಕ್ಕೆ ಮೀರಿದ್ದನ್ನು ಮಾತ್ರ ಸಾಲಕ್ಕೆ ತುಂಬಬೇಕು.

ಹಾಗೆ ತುಂಬುವಾಗ ಕೇವಲ ಬಡ್ಡಿದರವನ್ನು ನೋಡಿದರೆ ಸಾಲದು. ಕಟ್ಟದಿದ್ದರೆ ಏನಾಗುತ್ತದೆ, ಯಾರಿಗೆ ಆಗುತ್ತದೆ ಎಂಬುದನ್ನೂ ನೋಡಬೇಕು. ಪತ್ತಿನ ಸಂಘದ ಸಾಲದ ಬಡ್ಡಿ ಸಾಧಾರಣವಾದದ್ದು, ಆದರೆ ಅದರ ಹಿಂದೆ ಸಹೋದ್ಯೋಗಿಯ ಜಾಮೀನಿದೆ. ಸಂಘದ ನಿರ್ದೇಶಕರು ಪರಿಚಿತರೇ ಆಗಿರುವುದರಿಂದ ಕೆಲವು ತಿಂಗಳು ಬಡ್ಡಿಯನ್ನಷ್ಟೇ ಕಟ್ಟಲು ಅವಕಾಶ ಕೋರಿ ಕೆಲಸವಿರುವಾಗಲೇ ಅರ್ಜಿ ಕೊಡುವುದು ಸುಲಭ. ಪತ್ನಿಯ ಕಿರುಸಾಲದಲ್ಲಿ ಜಾಮೀನು ಗುಂಪಿನ ಇತರ ಮಹಿಳೆಯರದು. ಅಲ್ಲಿ ತಪ್ಪಿದ ಕಂತು ವಾರದೊಳಗೆ ಬೀದಿಯ ಜಗಳವಾಗುತ್ತದೆ. ಆದ್ದರಿಂದ ಮೊತ್ತ ಚಿಕ್ಕದಾದರೂ ಇದಕ್ಕೆ ಆದ್ಯತೆ ಕೊಡುವವರು ತಿಳಿದವರೇ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಶೇ. 50 ಮೀರುವಂತೆ ಕಿರುಸಾಲ ನೀಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದೆ. ಆದಾಯ ಇಳಿದಾಗ ಹೊಸ ಕಿರುಸಾಲದಿಂದ ಹಳೆಯ ಕಂತು ಕಟ್ಟುವ ದಾರಿಯನ್ನು ಈ ಮಿತಿ ಮುಚ್ಚುತ್ತದೆ, ಮುಚ್ಚಿದ್ದು ಒಳ್ಳೆಯದೇ.

ದ್ವಿಚಕ್ರ ವಾಹನ ಹೊಸ ಕೆಲಸ ಹುಡುಕಲು ಬೇಕಾದ ಸಾಧನವಾದರೆ ಅದರ ಕಂತನ್ನು ಉಳಿಸಿಕೊಳ್ಳಬೇಕು. ಬೇಡವಾದರೆ ಸಾಲ ಕೊಟ್ಟ ಸಂಸ್ಥೆಯ ಒಪ್ಪಿಗೆ ಪಡೆದು ತಾನೇ ಮಾರಿ ಸಾಲ ತೀರಿಸುವುದು, ಸಂಸ್ಥೆ ವಶಪಡಿಸಿಕೊಂಡು ಹರಾಜು ಹಾಕುವುದಕ್ಕಿಂತ ಲಾಭಕರ. ಒಪ್ಪಿಗೆಯಿಲ್ಲದೆ ಮಾರಿದರೆ ಕ್ರಿಮಿನಲ್ ಪ್ರಕರಣಕ್ಕೆ ಆಹ್ವಾನವಿತ್ತಂತೆ. ಟಿವಿ ಮತ್ತು ಮೊಬೈಲಿನಂತಹ ಸಣ್ಣ ಸಾಲದಲ್ಲಿ ಎರಡು ಮೂರು ಕಂತು ಮಾತ್ರ ಉಳಿದಿದ್ದರೆ ಓವರ್‌ಟೈಮ್ ಇರುವಾಗಲೇ ಮುಗಿಸಿಬಿಡುವುದು ಸರಿ. ತಿಂಗಳ ಹೊರೆಯಲ್ಲಿ 1,500 ರೂಪಾಯಿ ಶಾಶ್ವತವಾಗಿ ಇಳಿಯುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಯಿದ್ದರೆ ಅದಕ್ಕೂ ಮೊದಲಿನ ಸ್ಥಾನ, ಏಕೆಂದರೆ ವರ್ಷಕ್ಕೆ ಶೇ. 36ರಿಂದ 42ರವರೆಗಿನ ಬಡ್ಡಿ ಅಲ್ಲಿ ಸಾಮಾನ್ಯ. ಇಂತಹ ಬಾಕಿಯನ್ನು ಬ್ಯಾಂಕಿನ ಚಿನ್ನಾಭರಣ ಸಾಲದಿಂದ ತೀರಿಸಿದರೆ ಬಡ್ಡಿ ಬಹಳಷ್ಟು ಇಳಿಯುತ್ತದೆ. ಆದರೆ ಕಾರ್ಡನ್ನು ಮತ್ತೆ ಬಳಸುವುದಿಲ್ಲವೆಂಬ ನಿಶ್ಚಯವಿಲ್ಲದೆ ಹೀಗೆ ಮಾಡಿದವರ ಮನೆಯಲ್ಲಿ ಒಂದು ಸಾಲದ ಜಾಗದಲ್ಲಿ ಎರಡು ಸಾಲ ಕೂತಿರುತ್ತವೆ. ಒಡವೆ ಈಗಾಗಲೇ ಅಡವಿನಲ್ಲಿದ್ದು ಬಿಡಿಸಿಕೊಳ್ಳುವ ಭರವಸೆ ಇಲ್ಲದಿದ್ದರೆ ಹರಾಜಿನ ನೋಟಿಸಿಗಾಗಿ ಕಾಯಬಾರದು. ಒಂದೆರಡು ಒಡವೆಗಳನ್ನು ಬಿಡಿಸಿ ತಾವೇ ಮಾರಿ ಉಳಿದವನ್ನು ಉಳಿಸಿಕೊಳ್ಳುವುದು ಲೇಸು.

ಚೀಟಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಕೆಲಸ ಹೋಗುವ ಸೂಚನೆ ಸಿಕ್ಕೊಡನೆ ಚೀಟಿಯನ್ನು ಭಾರಿ ಕಡಿತಕ್ಕೆ ಕೂಗಿ ಹಣ ಎತ್ತಿಕೊಳ್ಳುವ ಆತುರ ಸಹಜ. ಚೀಟಿ ಎತ್ತಿದ ಮರುಗಳಿಗೆಯಿಂದ ಉಳಿದ ಕಂತುಗಳೆಲ್ಲ ಜಾಮೀನು ಸಹಿತವಾದ ಸಾಲವಾಗಿ ಮಾರ್ಪಡುತ್ತವೆ. ಎತ್ತದ ಚೀಟಿ ಉಳಿತಾಯ, ಎತ್ತಿದ ಚೀಟಿ ಸಾಲ.

ತೊಂಬತ್ತು ದಿನಗಳ ಗಡಿ

ಬ್ಯಾಂಕಿನ ಸಾಲದಲ್ಲಿ ಕಾಲವೇ ಎಲ್ಲ. ಕಂತು 30 ದಿನಗಳವರೆಗೆ ಬಾಕಿ ಬಿದ್ದಾಗ ಒಂದು, 60ರವರೆಗೆ ಇನ್ನೊಂದು, 90ರವರೆಗೆ ಮತ್ತೊಂದು ಎಂದು ವಿಶೇಷ ನಿಗಾ ಖಾತೆಗಳಲ್ಲಿ ಮೂರು ಮೆಟ್ಟಿಲುಗಳಿವೆ. 90 ದಿನ ದಾಟಿದರೆ ಖಾತೆ ಅನುತ್ಪಾದಕ. ಅಲ್ಲಿಯವರೆಗೆ ಶಾಖೆಯ ವ್ಯವಸ್ಥಾಪಕರ ಕೈಯಲ್ಲಿ ಅವಧಿ ವಿಸ್ತರಣೆ, ಕಂತಿನ ಮೊತ್ತ ಇಳಿಕೆ, ಕೆಲಕಾಲ ಬಡ್ಡಿ ಮಾತ್ರದ ಪಾವತಿಯಂತಹ ದಾರಿಗಳಿರುತ್ತವೆ. ಗಡಿ ದಾಟಿದ ಮೇಲೆ ಕಡತ ವಸೂಲಾತಿ ವಿಭಾಗಕ್ಕೆ ಸಾಗುತ್ತದೆ, ಮಾತಿನ ಧಾಟಿಯೂ ಬದಲಾಗುತ್ತದೆ. ಕಂತು ತಪ್ಪುವ ಮೊದಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡವನ ಮಾತಿಗೆ ಇರುವ ತೂಕ, ಮೂರು ತಿಂಗಳು ದೂರವಾಣಿ ಎತ್ತದೆ ಆನಂತರ ಬಂದವನ ಮಾತಿಗೆ ಇರುವುದಿಲ್ಲ.

ಕಂತು ಮುಂದೂಡಿಕೆ ಎಂದರೆ ಮನ್ನಾ ಎಂದು ಭಾವಿಸಿದವರು 2020ರಲ್ಲಿ ಬಹಳ ಮಂದಿ. ರಿಸರ್ವ್ ಬ್ಯಾಂಕು ಆ ವರ್ಷ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಮುಂದೂಡಲು ಅವಕಾಶ ನೀಡಿದಾಗಲೂ ಬಡ್ಡಿ ನಡೆಯುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯನ್ನು ಮಾತ್ರ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್‌ನಲ್ಲಿ ತಡೆಯಿತು. ಶೇ. 12ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದ 5 ಲಕ್ಷ ರೂಪಾಯಿ ಸಾಲದ ಮಾಸಿಕ ಕಂತು 11,122 ರೂಪಾಯಿ. ಅಸಲು 4 ಲಕ್ಷಕ್ಕೆ ಇಳಿದಿರುವಾಗ ಮೂರು ಕಂತು ಮುಂದೂಡಿದರೆ ಬಾಕಿ ಸುಮಾರು 4,12,120ಕ್ಕೆ ಏರುತ್ತದೆ. ಅದೇ ಕಂತನ್ನು ಮುಂದುವರಿಸಿದರೆ ಸಾಲ ಮುಗಿಯುವುದು ಮೂರು ತಿಂಗಳಲ್ಲ, ಹೆಚ್ಚುಕಡಿಮೆ ಐದು ತಿಂಗಳು ತಡವಾಗಿ. ಒಟ್ಟು ಹೆಚ್ಚುವರಿ ಹೊರೆ ಸುಮಾರು 19,000 ರೂಪಾಯಿ. ಕೆಲಸವಿಲ್ಲದ ಮೂರು ತಿಂಗಳು ಮನೆ ನಡೆಸಲು ಇದು ದುಬಾರಿ ಬೆಲೆಯೇನಲ್ಲ. ಸಂಬಳ ಬರುತ್ತಿರುವಾಗಲೇ ಸುಮ್ಮನೆ ಮುಂದೂಡಿದರೆ ಮಾತ್ರ ದುಬಾರಿ.

ತಡವಾದ ಕಂತಿಗೆ ಬ್ಯಾಂಕು ಹಾಕುವ ದಂಡವನ್ನು ಅಸಲಿಗೆ ಸೇರಿಸಿ ಬಡ್ಡಿ ಎಣಿಸುವಂತಿಲ್ಲವೆಂದು 2023ರ ಆಗಸ್ಟ್‌ನಲ್ಲಿ ಹೊರಬಂದ ಸುತ್ತೋಲೆ ಹೇಳುತ್ತದೆ. ಲೆಕ್ಕಪಟ್ಟಿ ಕೇಳಿ ಪರಿಶೀಲಿಸುವುದು ಸಾಲಗಾರನ ಹಕ್ಕು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ದೂರು ಕೊಟ್ಟು 30 ದಿನಗಳಾದರೂ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಮೊರೆ ಹೋಗಬಹುದು.

ಚೆಕ್ಕುಗಳ ವಿಷಯ ಪ್ರತ್ಯೇಕ. ಹಣವಿಲ್ಲದೆ ಮರಳಿದ ಚೆಕ್ಕಿಗೆ 1881ರ ಅಧಿನಿಯಮದ 138ನೆಯ ಕಲಮು ಅನ್ವಯಿಸುವುದು ವ್ಯಾಪಾರಿಗಳೆಲ್ಲರಿಗೂ ತಿಳಿದದ್ದೇ. ಖಾತೆಯಿಂದ ತಾನಾಗಿ ಕಡಿತವಾಗುವ ಕಂತಿನ ಆದೇಶ ಮರಳಿದರೂ 2007ರ ಪಾವತಿ ವ್ಯವಸ್ಥೆಗಳ ಅಧಿನಿಯಮದ 25ನೆಯ ಕಲಮಿನಂತೆ ಅದೇ ಬಗೆಯ ಅಪರಾಧವಾಗುತ್ತದೆಂಬುದು ಅನೇಕರಿಗೆ ತಿಳಿಯದು. ಕಂತು ಕಟ್ಟಲಾಗದ ತಿಂಗಳು ಮೌನವಾಗಿರುವುದಕ್ಕಿಂತ ದಿನಾಂಕಕ್ಕೆ ಮೊದಲೇ ಬ್ಯಾಂಕಿಗೆ ಬರೆದು ತಿಳಿಸುವುದರ ಮಹತ್ವ ಇಲ್ಲಿಯೂ ಇದೆ.

ಮಾಲೀಕರ ಸಾಲ

ಸಣ್ಣ ಘಟಕದ ಮಾಲೀಕನ ಸ್ಥಿತಿ ಅನೇಕ ವೇಳೆ ಕಾರ್ಮಿಕನ ಸ್ಥಿತಿಗಿಂತ ನಾಜೂಕು. ವಾಸದ ಮನೆ ಅಡಮಾನದಲ್ಲಿರುತ್ತದೆ, ಪತ್ನಿಯೋ ಸಹೋದರನೋ ವೈಯಕ್ತಿಕ ಜಾಮೀನು ಹಾಕಿರುತ್ತಾರೆ. ಕೆಲಸ ಹೋದರೆ ಪರಿಹಾರ ಕೊಡುವವರೂ ಇಲ್ಲ. ಇಂತಹವರಿಗಾಗಿ ಕೇಂದ್ರ ಸರ್ಕಾರ 2015ರ ಮೇ 29ರಂದು ಅಧಿಸೂಚನೆ ಹೊರಡಿಸಿ, ರಿಸರ್ವ್ ಬ್ಯಾಂಕು 2016ರ ಮಾರ್ಚ್‌ನಲ್ಲಿ ನಿರ್ದೇಶನ ನೀಡಿ, 25 ಕೋಟಿ ರೂಪಾಯಿವರೆಗಿನ ಸಾಲವಿರುವ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಪುನಶ್ಚೇತನಕ್ಕೆ ಒಂದು ವ್ಯವಸ್ಥೆ ರೂಪಿಸಿದವು. ಇದರನ್ವಯ ಸಂಕಷ್ಟದ ಸೂಚನೆ ಕಂಡ ಉದ್ಯಮಿ ತಾನಾಗಿಯೇ ಬ್ಯಾಂಕಿನ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಸಮಿತಿ ಖಾತೆಯನ್ನು ಸರಿಪಡಿಸುವುದೋ, ಸಾಲವನ್ನು ಪುನರ್‌ರಚಿಸುವುದೋ, ವಸೂಲಿಗೆ ಇಳಿಯುವುದೋ ಎಂಬುದನ್ನು ನಿರ್ಧರಿಸಬೇಕು. ಈ ನಿರ್ದೇಶನ ಬ್ಯಾಂಕುಗಳಿಗೆ ಬದ್ಧವೆಂದು ಸರ್ವೋಚ್ಚ ನ್ಯಾಯಾಲಯ ಪ್ರೊ ನಿಟ್ಸ್ ಪ್ರಕರಣದಲ್ಲಿ 2024ರ ಆಗಸ್ಟ್ 1ರಂದು ಹೇಳಿತು. ಆದರೆ ಅದೇ ತೀರ್ಪು ಉದ್ಯಮಿಯ ಮೇಲೂ ಹೊಣೆ ಹೊರಿಸಿದೆ. ತಾನು ಇಂತಹ ಉದ್ಯಮವೆಂದು ದಾಖಲೆ ಸಹಿತ ಬ್ಯಾಂಕಿಗೆ ತಿಳಿಸುವುದು ಖಾತೆ ಅನುತ್ಪಾದಕವಾಗುವ ಮೊದಲೇ ಆಗಬೇಕು. ಸರ್ಫೇಸಿ ಪ್ರಕ್ರಿಯೆ ಮುಗಿಯುತ್ತಿರುವಾಗ ಎದ್ದುಬಂದು ಈ ವಾದ ಹೂಡಿದರೆ ಫಲವಿಲ್ಲ. ಉದ್ಯಮ್ ನೋಂದಣಿ ಪತ್ರದ ಪ್ರತಿಯನ್ನು ಇಂದೇ ಶಾಖೆಗೆ ಕೊಟ್ಟು ಸ್ವೀಕೃತಿ ಪಡೆದಿಡಿ ಎಂದು ಸದಸ್ಯರಿಗೆ ಹೇಳಬೇಕಾದದ್ದು ಇದಕ್ಕಾಗಿಯೇ.

ಸರ್ಫೇಸಿ ಅಧಿನಿಯಮದ ನೋಟಿಸು ಬಂದರೆ 60 ದಿನಗಳ ಅವಧಿಯಿದೆ. ಅದರೊಳಗೆ ಸಲ್ಲಿಸಿದ ಆಕ್ಷೇಪಣೆಗೆ ಬ್ಯಾಂಕು 15 ದಿನಗಳಲ್ಲಿ ಕಾರಣ ಸಹಿತ ಉತ್ತರಿಸಬೇಕು. ಸ್ವಾಧೀನದ ಕ್ರಮ ಕೈಗೊಂಡರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಈ ದಿನಗಳನ್ನು ವಕೀಲರನ್ನು ಹುಡುಕುವುದರಲ್ಲೇ ಕಳೆದವರುಂಟು.

2025ರ ಸುಂಕದ ಪೆಟ್ಟು ತಿಂದ ರಫ್ತುದಾರರಿಗೆ ರಿಸರ್ವ್ ಬ್ಯಾಂಕು ಆ ವರ್ಷ ನವೆಂಬರ್‌ನಲ್ಲಿ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗಿನ ಕಂತುಗಳನ್ನು ಮುಂದೂಡಲು ಅವಕಾಶ ನೀಡಿ, ಆ ಅವಧಿಗೆ ಸರಳ ಬಡ್ಡಿಯನ್ನಷ್ಟೇ ಎಣಿಸಬೇಕೆಂದಿತು. ಆಗಸ್ಟ್ ಅಂತ್ಯಕ್ಕೆ ಖಾತೆ ಸುಸ್ಥಿತಿಯಲ್ಲಿದ್ದವರಿಗೆ ಮಾತ್ರ ಇದು ಲಭ್ಯವಿತ್ತು. ಇಲ್ಲಿಯೂ ಮೊದಲೇ ಎಚ್ಚೆತ್ತವರದೇ ಪಾಲು.

ಬ್ಯಾಂಕಿನ ಮೊರೆ ಹೋಗುವ ಮುನ್ನ ಬರಬೇಕಾದ ಬಾಕಿಯ ಕಡೆ ನೋಡಬೇಕು. 2006ರ ಅಧಿನಿಯಮದಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದೆ ಪಾವತಿಸಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರು ಕಳೆದುಕೊಳ್ಳುವುದೇಕೆಂದು ಹಿಂಜರಿಯುವವರೇ ಹೆಚ್ಚು, ಅದು ಅರ್ಥವಾಗುವಂತಹದೇ. ಆದರೆ ಆರ್ಡರೇ ನಿಂತ ಗಿರಾಕಿಯ ವಿಷಯದಲ್ಲಿ ಆ ಹಿಂಜರಿಕೆಗೆ ಅರ್ಥವಿಲ್ಲ. ಕೇವಲ ವ್ಯಾಪಾರ ನಡೆಸುವ ಸದಸ್ಯರು ಗಮನಿಸಬೇಕು: 2021ರ ಜುಲೈನಿಂದ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ದೊರೆತಿದ್ದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ, 45 ದಿನಗಳ ರಕ್ಷಣೆ ಅವರಿಗಿಲ್ಲ.

ಕಡೆಯ ದಿನದ ಕಾಗದಗಳು

ಬ್ಯಾಂಕು, ಸಂಘ ಎರಡೂ ಕೈಬಿಟ್ಟಾಗ ಉಳಿಯುವುದು ಮೀಟರ್ ಬಡ್ಡಿಯವರು. ನೋಂದಣಿಯಿಲ್ಲದ ಲೇವಾದೇವಿಗಾರರ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಹತ್ತು ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಿತು. ಕಾನೂನು ಬಲವಾಗಿದೆ, ಆದರೆ ಠಾಣೆಗೆ ಹೋಗುವ ಧೈರ್ಯ ಬರುವ ಹೊತ್ತಿಗೆ ಅಸಲಿನ ಎರಡರಷ್ಟು ಬಡ್ಡಿ ಹೋಗಿರುತ್ತದೆ. ಆ ಬಾಗಿಲಿಗೆ ಹೋಗದಂತೆ ತಡೆಯುವುದು ಕಾರ್ಮಿಕನಿಗೆ ನ್ಯಾಯವಾಗಿ ಬರಬೇಕಾದ ಹಣ ಸಕಾಲದಲ್ಲಿ ಕೈಸೇರುವುದೊಂದೇ.

ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕನಿಗೆ 2018ರ ಜುಲೈ 1ರಂದು ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಿದೆ. 2020ರ ಪರಿಷ್ಕರಣೆಯ ನಂತರ ಸರಾಸರಿ ದಿನಗೂಲಿಯ ಅರ್ಧದಷ್ಟು ನೆರವು 90 ದಿನಗಳವರೆಗೆ, ಜೀವಮಾನದಲ್ಲಿ ಒಮ್ಮೆ, ಎಂದು ನಿಗದಿಯಾಯಿತು. ಇದರ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿರುವುದರಿಂದ ಅರ್ಜಿ ಹಾಕುವ ಮುನ್ನ ಸ್ಥಳೀಯ ಶಾಖಾ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಭವಿಷ್ಯ ನಿಧಿಯಲ್ಲಿ ಕನಿಷ್ಠ ಶೇ. 25ರಷ್ಟನ್ನು ಉಳಿಸಿ ಮಿಕ್ಕದ್ದನ್ನು ಕೆಲಸ ಹೋದ ಕೂಡಲೇ ಹಿಂಪಡೆಯಲು ಬಿಟ್ಟು, ಪೂರ್ಣ ಹಿಂಪಡೆಯುವಿಕೆಗೆ 12 ತಿಂಗಳ ನಿರುದ್ಯೋಗದ ನಿಬಂಧನೆ ಹಾಕುವ ನಿರ್ಣಯವನ್ನು ನಿಧಿಯ ಕೇಂದ್ರ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಕೈಗೊಂಡಿತು. ಭವಿಷ್ಯ ನಿಧಿಯ ಹಣವನ್ನು ಸಾಲಗಾರರು ಜಪ್ತಿ ಮಾಡಿಸುವಂತಿಲ್ಲ. ಆದರೆ ಅದು ಸಾಲವಿರುವ ಬ್ಯಾಂಕಿನ ಖಾತೆಗೇ ಬಂದು ಬಿದ್ದರೆ ಬಾಕಿ ಕಂತುಗಳಿಗೆ ತಾನಾಗಿ ಕಡಿತವಾಗಿ ಮನೆಗೆ ಏನೂ ಉಳಿಯದಿರುವುದುಂಟು. ಯಾವ ಖಾತೆಗೆ ಬರಬೇಕೆಂಬುದನ್ನು ಅರ್ಜಿಗೆ ಮೊದಲೇ ಯೋಚಿಸಿರಬೇಕು.

ಈ ಎಲ್ಲದರಲ್ಲೂ ಮಾಲೀಕರ ಸಹಕಾರ ಮುಖ್ಯ. ಕೆಲಸ ಬಿಟ್ಟ ದಿನಾಂಕವನ್ನು ಭವಿಷ್ಯ ನಿಧಿಯ ಜಾಲತಾಣದಲ್ಲಿ ನಮೂದಿಸದೆ ತಿಂಗಳುಗಟ್ಟಲೆ ಬಿಟ್ಟರೆ ಹಣ ಹೊರಬರುವುದು ಕಷ್ಟ. ಹೆಸರು, ಜನ್ಮದಿನಾಂಕದ ಒಂದಕ್ಷರದ ವ್ಯತ್ಯಾಸವಿದ್ದರೂ ಅರ್ಜಿ ಮರಳುತ್ತದೆ. ಆದ್ದರಿಂದ ನೋಟಿಸಿನ ತಿಂಗಳಿನಲ್ಲಿಯೇ ಲೆಕ್ಕಿಗರನ್ನು ಕೂರಿಸಿ ಪ್ರತಿಯೊಬ್ಬ ಕಾರ್ಮಿಕನ ಆಧಾರ್, ಬ್ಯಾಂಕ್ ಖಾತೆ ಮತ್ತು ನಿಧಿಯ ದಾಖಲೆಗಳನ್ನು ತಾಳೆ ನೋಡಿಸಿ; ಸೇವಾ ಪತ್ರ, ಕೊನೆಯ ವೇತನದ ಚೀಟಿ, ಗ್ರಾಚ್ಯುಟಿಯ ಲೆಕ್ಕ, ಪತ್ತಿನ ಸಂಘಕ್ಕೆ ಈವರೆಗೆ ಕಡಿತವಾಗಿ ಸಂದಾಯವಾದ ಮೊತ್ತದ ಪಟ್ಟಿ, ಈ ನಾಲ್ಕನ್ನು ಒಂದೇ ಲಕೋಟೆಯಲ್ಲಿಟ್ಟು ಕೊನೆಯ ದಿನ ಕೊಡಿ. ಕಡಿತ ಮಾಡಿ ಸಂಘಕ್ಕೆ ಇನ್ನೂ ಕಳುಹಿಸದ ಹಣ ಏನಾದರೂ ಕಾರ್ಖಾನೆಯ ಚಾಲ್ತಿ ಖಾತೆಯಲ್ಲಿ ಉಳಿದಿದ್ದರೆ, ಬೇರೆಲ್ಲ ಪಾವತಿಗಳಿಗೂ ಮೊದಲು ಅದು ಸಂಘಕ್ಕೆ ಸಲ್ಲಬೇಕು.